ಪೆನ್ನು ಯಾರ ಕೈಯಲ್ಲಿದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಿಂದ ಹಿಡಿದು ಜೂನ್ ಮುಗಿಯುವವರೆಗೂ ನನಗೆ ಬರುವ ಫೋನುಗಳಲ್ಲಿ, ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಚಾರ ಕೇಳುತ್ತವೆ. 'ಮಗಳನ್ನ ಪಿಯು ಸೈನ್ಸಿಗೆ ಸೇರಿಸಿದೀವಿ ಸರ್, ಟ್ಯೂಷನ್ ಯಾರ ಹತ್ರ ಹಾಕೋದು?' ಯಾವ ಪರೀಕ್ಷೆಗೆ ಎಂದು ನಾನು ತಿರುಗಿ ಕೇಳುತ್ತೇನೆ. 'ಎಲ್ಲಕ್ಕೂ ಆಗಲಿ ಸರ್. ಸಿಇಟಿ, ನೀಟ್, ಜೆಇಇ, ಕಾಮೆಡ್‌ಕೆ, ಯಾವುದಾದ್ರೂ ಒಂದು ಕೈ ಹಿಡೀಲಿ.' ಈ ಮಾತಿನ ಹಿಂದಿರುವ ಆತಂಕ ನನಗೆ ಅರ್ಥವಾಗುತ್ತದೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನು ಆ ಆತಂಕವನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ ಅಪ್ಪ ಅಮ್ಮಂದಿರ ಮುಖದಲ್ಲಿ ಪ್ರತಿ ವರ್ಷ ಕಂಡಿದ್ದೇನೆ. ಆದರೂ ಎಲ್ಲಕ್ಕೂ ಆಗುವ ಮೇಷ್ಟ್ರನ್ನು ಹುಡುಕಬೇಡಿ ಎಂದೇ ಹೇಳುತ್ತೇನೆ. ಮೊದಲು ಪರೀಕ್ಷೆ ಗೊತ್ತಾಗಲಿ, ಮೇಷ್ಟ್ರು ಆಮೇಲೆ.

ಈ ಪರೀಕ್ಷೆಗಳ ಪಠ್ಯ ಬಹುಮಟ್ಟಿಗೆ ಒಂದೇ. ನಮ್ಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂದದ್ದು 2012ರಲ್ಲಿ. ಅಂದಿನಿಂದ ಕಾಲೇಜಿನಲ್ಲಿ ಕಲಿಯುವುದಕ್ಕೂ ನೀಟ್, ಜೆಇಇಗೆ ಓದುವುದಕ್ಕೂ ಇದ್ದ ದೂರ ತುಂಬ ಕಡಿಮೆಯಾಗಿದೆ. ಬೇರೆಯಾಗಿರುವುದು ಪರೀಕ್ಷೆಯ ನಡೆ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು, ಅದರೊಳಗೇ ಓಎಂಆರ್ ಹಾಳೆಯ ವೃತ್ತ ತುಂಬುವ ಕೆಲಸವೂ ಮುಗಿಯಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ 2025ರಿಂದ 180 ಪ್ರಶ್ನೆಗೆ 180 ನಿಮಿಷ, ಅದರಲ್ಲಿ ಅರ್ಧ ಜೀವಶಾಸ್ತ್ರವೇ. ಸರಿಯಾದರೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ ಮಾತ್ರ. ಒಂದೊಂದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಸಮಯ ಸಿಗುತ್ತದೆ, ಅಷ್ಟು ಸಮಯ ಕೊಟ್ಟಿರುವುದು ಅವು ಅಷ್ಟು ಬೇಡುತ್ತವೆ ಎಂಬ ಕಾರಣಕ್ಕೇ. ಅದು ಕಂಪ್ಯೂಟರಿನ ಮುಂದೆ ಕೂತು ಬರೆಯುವ ಪರೀಕ್ಷೆ. ಕಾಮೆಡ್‌ಕೆ ಕೂಡ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆದರೆ ಅಲ್ಲಿ ನಿಮಿಷಕ್ಕೊಂದು ಪ್ರಶ್ನೆ, ತಪ್ಪಿಗೆ ಕಡಿತವಿಲ್ಲ. ಒಬ್ಬ ಹುಡುಗ ಜೆಇಇ ಲೆಕ್ಕಗಳನ್ನು ನಿಧಾನವಾಗಿ, ಆಳಕ್ಕೆ ಇಳಿದು ಬಿಡಿಸುವುದನ್ನು ರೂಢಿಸಿಕೊಂಡು ಸಿಇಟಿಗೆ ಹೋಗಿ ಕೂತರೆ ಗಣಿತದಲ್ಲಿ ಹದಿನೈದು ಪ್ರಶ್ನೆ ಉಳಿದಿರುವಾಗಲೇ ಗಂಟೆ ಹೊಡೆಯುತ್ತದೆ. ಅವನಿಗೆ ಗೊತ್ತಿಲ್ಲದೆ ಉಳಿದ ಪ್ರಶ್ನೆಗಳಲ್ಲ ಅವು.

ಸಿಇಟಿಯಲ್ಲಿ ಇನ್ನೂ ಒಂದು ಲೆಕ್ಕವಿದೆ. ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಸಿಇಟಿ ಅಂಕಕ್ಕೆ ಅರ್ಧ ತೂಕ, ದ್ವಿತೀಯ ಪಿಯುನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಇನ್ನರ್ಧ. ಪಿಯುನಲ್ಲಿ 300ಕ್ಕೆ 285 ಪಡೆದು ಸಿಇಟಿಯಲ್ಲಿ 180ಕ್ಕೆ 90 ತೆಗೆದ ಹುಡುಗಿಯೂ, ಪಿಯುನಲ್ಲಿ 240 ಪಡೆದು ಸಿಇಟಿಯಲ್ಲಿ 117 ತೆಗೆದ ಹುಡುಗನೂ ಕೊನೆಗೆ ನಿಲ್ಲುವುದು ಒಂದೇ ಜಾಗದಲ್ಲಿ, ನೂರಕ್ಕೆ ಎಪ್ಪತ್ತೆರಡೂವರೆಯಲ್ಲಿ. ಬೋರ್ಡ್ ಪರೀಕ್ಷೆ ಬಿಡಿ, ಅದು ಹೇಗೋ ಪಾಸಾಗುತ್ತೆ, ಪ್ರವೇಶ ಪರೀಕ್ಷೆ ನೋಡಿಕೊಳ್ಳೋಣ ಎನ್ನುವ ಟ್ಯೂಷನ್ ಮೇಷ್ಟ್ರು ಎಂಜಿನಿಯರಿಂಗ್ ಬೇಕಾದ ಮಗುವಿನ ಅರ್ಧ ರ‍್ಯಾಂಕನ್ನು ಕೈಬಿಡಿ ಎನ್ನುತ್ತಿದ್ದಾರೆ. ಆ ಮಾತು ಕೇಳಿದ ದಿನವೇ ಬೇರೆಯವರನ್ನು ಹುಡುಕಿ.

ಕಾಲೇಜಿಗೆ ಹೆಸರಿಗಷ್ಟೇ ದಾಖಲಾಗಿ, ಹೊರರಾಜ್ಯದಲ್ಲಿ ಕೋಚಿಂಗ್ ಪಡೆದು, ಅಲ್ಲಿಂದಲೇ ಹನ್ನೆರಡನೇ ತರಗತಿ ಬರೆಯುವ ಯೋಚನೆ ಇರುವವರು ಇದನ್ನೂ ಗಮನಿಸಬೇಕು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದ ಮಕ್ಕಳಿಗೆ ಮೀಸಲು. ಇಲ್ಲಿ ಕರ್ನಾಟಕದವರು ಯಾರು ಎಂಬುದನ್ನು ಹನ್ನೆರಡನೇ ತರಗತಿ ಯಾವ ರಾಜ್ಯದಿಂದ ಪಾಸಾದರು ಎಂಬುದರ ಮೇಲೆ ತೀರ್ಮಾನಿಸುತ್ತಾರೆ, ಹುಟ್ಟಿದ ಊರಿನ ಮೇಲಲ್ಲ. ಮನೆಯಲ್ಲಿ ಕನ್ನಡ ಮಾತಾಡುವ, ಹಾಸನದಲ್ಲೇ ಹುಟ್ಟಿ ಬೆಳೆದ ಹುಡುಗ ಹೊರರಾಜ್ಯದಲ್ಲಿ ಪಾಸಾದರೆ ಸುರತ್ಕಲ್‌ನಲ್ಲಿ ಹೊರಗಿನವನೇ.

ಹಾಗಾದರೆ ಯಾವ ಪರೀಕ್ಷೆ? ಇದನ್ನು ಮಗುವಿನ ಜೊತೆ ಕೂತು ತೀರ್ಮಾನಿಸಬೇಕು, ಅದೂ ಪ್ರಥಮ ಪಿಯುನ ಮೊದಲ ಕೆಲವು ತಿಂಗಳು ಕಳೆದ ಮೇಲೆ. ಅಡಿಕೆ ತೋಟದ ಅಪ್ಪ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ನೀಟ್ ಎಂದು ಮನೆಯಲ್ಲಿ ಮೊದಲೇ ಗಟ್ಟಿಮಾಡಿಕೊಂಡಿದ್ದರು. 'ನಿನಗೆ ಏನು ಓದೋಕೆ ಇಷ್ಟ ಮಗು' ಎಂದು ಕೇಳಿದೆ. ಅವಳು ಅಪ್ಪನ ಮುಖ ನೋಡಿ, 'ಬಯಾಲಜಿ ಇಷ್ಟ ಸರ್, ಆದ್ರೆ ಆಸ್ಪತ್ರೆ ಅಂದ್ರೆ ಆಗಲ್ಲ' ಅಂದಳು. ಅಪ್ಪನಿಗೆ ಅದು ಹೊಸ ಸುದ್ದಿ. ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ, ಪಶುವೈದ್ಯಕೀಯ, ಫಾರ್ಮಸಿ ಇವಕ್ಕೆಲ್ಲ ದಾರಿ ಸಿಇಟಿಯಿಂದಲೇ ಎಂದು ಹೇಳಿದಾಗ ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಕೃಷಿಕರ ಮಕ್ಕಳಿಗೆ ಕೃಷಿ ಕೋರ್ಸುಗಳಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು ಎನ್ನುವುದೂ ಅವರಿಗೆ ತಿಳಿದಿರಲಿಲ್ಲ. ಜೀವಶಾಸ್ತ್ರ ತೆಗೆದುಕೊಂಡ ಮಕ್ಕಳೆಲ್ಲ ನೀಟ್ ಒಂದೇ ದಾರಿ ಎಂದುಕೊಳ್ಳುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ನನ್ನ ಅಭಿಪ್ರಾಯದಲ್ಲಿ ಒಂದು ಮುಖ್ಯ ಪರೀಕ್ಷೆ, ಅದಕ್ಕೆ ಹೊಂದಿಕೊಂಡ ಇನ್ನೊಂದು, ಇಷ್ಟು ಸಾಕು. ಸಿಇಟಿ ಮುಖ್ಯ ಎನ್ನುವವರಿಗೆ ಕಾಮೆಡ್‌ಕೆ ಜೊತೆಗಿರಲಿ. ಖಾಸಗಿ ಕಾಲೇಜಿನಲ್ಲಿ ಸಿಇಟಿಯ ಸರ್ಕಾರಿ ಕೋಟಾ ಸೀಟಿಗೂ ಕಾಮೆಡ್‌ಕೆ ಸೀಟಿಗೂ ಶುಲ್ಕದಲ್ಲಿ ದೊಡ್ಡ ಅಂತರವಿದೆ ಎಂಬುದನ್ನು ಮಾತ್ರ ಮೊದಲೇ ಲೆಕ್ಕ ಹಾಕಿಕೊಳ್ಳಿ. ಜೆಇಇ ಬರೆಯುವವರು ಸಿಇಟಿಯನ್ನೂ ಬರೆಯಲಿ, ಆದರೆ ಕೊನೆಯ ಎರಡು ತಿಂಗಳು ವೇಗದ ಅಭ್ಯಾಸಕ್ಕೆ ತೆಗೆದಿಡಲಿ. ನೀಟ್ ಮತ್ತು ಜೆಇಇ ಎರಡನ್ನೂ ಮುಖ್ಯ ಮಾಡಿಕೊಂಡು ಎರಡು ವರ್ಷ ನಿಭಾಯಿಸುವ ಮಕ್ಕಳು ಇದ್ದಾರೆ, ಬಹಳ ಕಡಿಮೆ.

ಇನ್ನು ಮೇಷ್ಟ್ರ ವಿಷಯ. ಮನೆಗೆ ಬಂದು ಪಾಠ ಹೇಳುವವರು, ತಮ್ಮ ಮನೆಯಲ್ಲಿ ಐದಾರು ಮಕ್ಕಳನ್ನು ಕೂರಿಸಿಕೊಳ್ಳುವವರು, ಆನ್‌ಲೈನಿನಲ್ಲಿ ಕಲಿಸುವವರು, ಯಾರೇ ಆಗಲಿ, ಒಂದು ತರಗತಿ ಕೂತು ನೋಡಿ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೂರ್ತಿ ಒಂದು ಗಂಟೆ. ಮೇಷ್ಟ್ರಿಗೆ ವಿಷಯ ಎಷ್ಟು ಗೊತ್ತು ಎಂದು ನಿಮಗೆ ತಿಳಿಯದೇ ಹೋಗಬಹುದು, ಅದರ ಚಿಂತೆ ಬೇಡ. ಪೆನ್ನು ಯಾರ ಕೈಯಲ್ಲಿದೆ ಎಂಬುದನ್ನು ನೋಡಿ. ಗಂಟೆಯ ಬಹುಪಾಲು ಪೆನ್ನು ಮೇಷ್ಟ್ರ ಕೈಯಲ್ಲಿದ್ದು, ಅವರು ಚಕಚಕನೆ ಲೆಕ್ಕ ಬಿಡಿಸಿ, ಮಗು ತಲೆದೂಗಿ ಇಳಿಸಿಕೊಳ್ಳುತ್ತಿದ್ದರೆ ಅದು ಕಾಲೇಜಿನ ಪಾಠವೇ ಇನ್ನೊಂದು ಸಲ ಆದಂತೆ. ಅದಕ್ಕೆ ಬೇರೆ ದುಡ್ಡು ಕೊಡುವ ಅಗತ್ಯವಿಲ್ಲ. ಪೆನ್ನು ಮಗುವಿನ ಕೈಯಲ್ಲಿರಬೇಕು. ಮೇಷ್ಟ್ರು ಪಕ್ಕದಲ್ಲಿ ಕೂತು ಆ ಪೆನ್ನು ಎಲ್ಲಿ ತಡೆಯುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂದು ನೋಡುತ್ತಿರಬೇಕು.

ನಾನು ಕಣ್ಣಾರೆ ಕಂಡ ಒಂದು ಗಂಟೆಯನ್ನು ಹೇಳುತ್ತೇನೆ. ಹುಡುಗಿಯ ಮುಂದಿದ್ದದ್ದು ದ್ಯುತಿಶಾಸ್ತ್ರದ ಸಾಧಾರಣ ಪ್ರಶ್ನೆ. ಪೀನ ಮಸೂರದ ಸಂಗಮ ದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಅವಳು ಸೂತ್ರ ಸರಿಯಾಗಿಯೇ ಬರೆದಳು, ಬೆಲೆಗಳನ್ನು ಹಾಕಿದಳು, 12 ಸೆಂ.ಮೀ. ಎಂದು ಉತ್ತರ ತೆಗೆದಳು. ಆಯ್ಕೆಗಳಲ್ಲಿ 12 ಇತ್ತು. ಖುಷಿಯಿಂದ ಗುರುತು ಹಾಕಿದಳು. ಸರಿ ಉತ್ತರ 60. ವಸ್ತುವಿನ ದೂರಕ್ಕೆ ಋಣ ಚಿಹ್ನೆ ಹಾಕುವುದು ಬಿಟ್ಟುಹೋದರೆ ಸರಿಯಾಗಿ 12 ಬರುತ್ತದೆ, ಪ್ರಶ್ನೆ ತೆಗೆಯುವವರಿಗೆ ಅದು ಗೊತ್ತಿರುವುದರಿಂದಲೇ 12 ಆಯ್ಕೆಗಳಲ್ಲಿ ಬಂದು ಕೂತಿರುತ್ತದೆ. ಆ ಮೇಷ್ಟ್ರು 'ತಪ್ಪು' ಅನ್ನಲಿಲ್ಲ. 'ಚಿತ್ರ ಬರಿಯಮ್ಮ' ಅಂದರು. ಅವಳು ಮಸೂರ ಬರೆದಳು, ಎರಡು ಕಿರಣ ಎಳೆದಳು. ಕಿರಣಗಳು ಹೋಗಿ ಸೇರಿದ್ದು ಸಂಗಮ ಬಿಂದುವಿನಿಂದ ಬಹಳ ಆಚೆ. 'ಈಗ 12 ಎಲ್ಲಿದೆ ತೋರಿಸು.' ಸಂಗಮ ಬಿಂದುವಿಗಿಂತ ಒಳಗೆ ಬೆರಳಿಟ್ಟಳು. ಒಂದು ಕ್ಷಣ ನೋಡಿ, 'ಇಲ್ಲಿ ಬರೋಕೆ ಸಾಧ್ಯವೇ ಇಲ್ವಲ್ಲ ಸರ್' ಅಂದಳು. ಮೇಷ್ಟ್ರು ಅವಳ ಹಳೆಯ ಪುಟಗಳನ್ನು ತಿರುವಿದರು. ಹಿಂದಿನ ವಾರ ದರ್ಪಣದ ಲೆಕ್ಕದಲ್ಲೂ ಅದೇ ಚಿಹ್ನೆ ತಪ್ಪು, ಅದರ ಹಿಂದಿನ ಪರೀಕ್ಷೆಯಲ್ಲೂ ಅದೇ. ಮೂರು ಬೇರೆ ಬೇರೆ ತಪ್ಪುಗಳೆಂದು ಅವಳು ಅಳುತ್ತಿದ್ದದ್ದು ಒಂದೇ ತಪ್ಪಾಗಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ನನ್ನಂಥ ಉಪನ್ಯಾಸಕನಿಗೆ ಇದನ್ನು ಪ್ರತಿಯೊಬ್ಬರಿಗೂ ಮಾಡಲು ಸಾಧ್ಯವಾಗುತ್ತಿರಲಿಲ್ಲ. ಟ್ಯೂಷನ್ನಿಗೆ ಕೊಡುವ ಹಣಕ್ಕೆ ನಿಜವಾದ ಬೆಲೆ ಬರುವುದು ಇಲ್ಲೇ.

ಹೀಗೆ ನೋಡಲು ಹಳೆಯ ಪುಟಗಳು ಇರಬೇಕಲ್ಲ, ಅದಕ್ಕೇ ಒಂದು ತಪ್ಪಿನ ಪುಸ್ತಕ ಇಡಿಸಿ. ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಪ್ರತಿ ಟೆಸ್ಟ್ ಆದ ಮೇಲೆ ತಪ್ಪಾದ ಪ್ರಶ್ನೆ, ಆಗ ಏನು ಯೋಚಿಸಿದೆ, ಯಾಕೆ ತಪ್ಪಾಯಿತು, ಇಷ್ಟನ್ನು ಮಗು ತನ್ನ ಕೈಯಾರೆ ಬರೆಯಲಿ. ಸರಿ ಉತ್ತರವನ್ನು ಮಾತ್ರ ಬರೆದಿಟ್ಟರೆ ಪ್ರಯೋಜನವಿಲ್ಲ, ಅದು ಗೈಡಿನಲ್ಲೇ ಇರುತ್ತದೆ. ಯಾಕೆ ತಪ್ಪಾಯಿತು ಎಂಬ ಜಾಗದಲ್ಲಿ ಮಕ್ಕಳು ಮೊದಮೊದಲು 'ಕೇರ್‌ಲೆಸ್' ಎಂದು ಬರೆಯುತ್ತಾರೆ. ಅದನ್ನು ಒಪ್ಪದಿರುವುದು ಮೇಷ್ಟ್ರ ಕೆಲಸ. ಪಾಠವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸೂತ್ರ ಅದಲುಬದಲಾಯಿತೋ, 'ಸರಿಯಲ್ಲದ ಹೇಳಿಕೆಯನ್ನು ಆರಿಸಿ' ಎಂಬುದರಲ್ಲಿ 'ಅಲ್ಲದ' ಕಣ್ಣಿಗೆ ಬೀಳಲಿಲ್ಲವೋ, ಸಮಯ ಸಾಲದೆ ಗಾಬರಿಯಾಯಿತೋ, ಇವಕ್ಕೆ ಒಂದೊಂದಕ್ಕೂ ಬೇರೆ ಬೇರೆ ಮದ್ದು. ಪಾಠ ಗೊತ್ತಿಲ್ಲದಿದ್ದರೆ ಎನ್‌ಸಿಇಆರ್‌ಟಿ ಪುಸ್ತಕಕ್ಕೆ ವಾಪಸ್ ಹೋಗಬೇಕು. ಸಮಯ ಸಾಲದಿದ್ದರೆ ಪಾಠ ಓದಿ ಉಪಯೋಗವಿಲ್ಲ, ಗಡಿಯಾರ ಇಟ್ಟು ಬಿಡಿಸಬೇಕು.

ಇದೇ ಪುಸ್ತಕ ಲಾಂಗ್ ಟರ್ಮ್ ಪ್ರಶ್ನೆಗೂ ಉತ್ತರ ಕೊಡುತ್ತದೆ. ನೀಟ್‌ನಲ್ಲಿ ಅಂಕ ಸಾಲದೆ ಇನ್ನೊಂದು ವರ್ಷ ಕೂರಿಸಲೇ ಎಂದು ಕೇಳುವವರು ಬಹಳ. ತಪ್ಪುಗಳಲ್ಲಿ ಹೆಚ್ಚಿನವು ಮುಗಿಸದೆ ಬಿಟ್ಟ ಪಾಠಗಳವಾಗಿದ್ದರೆ ಇನ್ನೊಂದು ವರ್ಷಕ್ಕೆ ಅರ್ಥವಿದೆ. ಪಾಠವೆಲ್ಲ ಮುಗಿದಿದ್ದು, ಮೂರು ನಾಲ್ಕು ಮಾಕ್ ಟೆಸ್ಟ್‌ಗಳಲ್ಲಿ ಅಂಕ ಅಲ್ಲೇ ನಿಂತಿದ್ದರೆ, ಮಗುವಿಗೂ ಸಾಕಾಗಿದ್ದರೆ, ಅದೇ ಕೋಚಿಂಗ್ ಸೆಂಟರಿನ ಅದೇ ಬೆಂಚಿಗೆ ಮತ್ತೆ ಕಳಿಸಬೇಡಿ.

ಟ್ಯೂಷನ್ ಮೇಷ್ಟ್ರನ್ನು ಕೇಳಲೇಬೇಕಾದ ಒಂದು ಪ್ರಶ್ನೆ: ಈ ವರ್ಷದ ಸಿಲಬಸ್ ನಿಮ್ಮ ಹತ್ತಿರ ಇದೆಯಾ? ಎನ್‌ಸಿಇಆರ್‌ಟಿ ಕೆಲವು ಪಾಠಭಾಗಗಳನ್ನು ಕೈಬಿಟ್ಟ ಮೇಲೆ ನೀಟ್, ಜೆಇಇ ಮೇನ್ ಸಿಲಬಸ್ಸುಗಳೂ 2024ರಿಂದ ಬದಲಾದವು. ಅದೇ ವರ್ಷದ ಸಿಇಟಿಯಲ್ಲಿ ಪಠ್ಯದಿಂದ ಹೊರಗಿನ ಪ್ರಶ್ನೆಗಳು ಬಂದು, ಮಕ್ಕಳು ಅಳುತ್ತ ಹೊರಬಂದು, ಕೊನೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಬಿಟ್ಟಿತು. ಪರೀಕ್ಷೆ ನಡೆಸುವವರಿಗೇ ಹೀಗಾಗಬಹುದಾದರೆ ಹತ್ತು ವರ್ಷದ ಹಿಂದಿನ ನೋಟ್ಸ್ ಜೆರಾಕ್ಸ್ ಮಾಡಿ ಹಂಚುವ ಮೇಷ್ಟ್ರಿಂದ ನಮ್ಮ ಮಕ್ಕಳ ಎಷ್ಟು ಸಂಜೆಗಳು ಬೇಡದ ಪಾಠಕ್ಕೆ ಹೋಗುತ್ತಿರಬಹುದು? ಸಿಲಬಸ್ಸಿನ ಪ್ರಿಂಟ್ ತೆಗೆಸಿ ಮೊದಲ ದಿನವೇ ಮೇಜಿನ ಮೇಲಿಡಿ.

ಹಣದ ಮಾತು ಆಡಲು ಸಂಕೋಚಪಡಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಗ್ಯಾರಂಟಿ ಎನ್ನಬಾರದು, ಕಲಿಸುವವರು ಪದವೀಧರರಾಗಿರಬೇಕು, ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದಲ್ಲಿ ಹಿಂದಿರುಗಿಸಬೇಕು ಎಂದೆಲ್ಲ ಅದರಲ್ಲಿದೆ. ಆದರೆ ಅದು ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸೆಂಟರುಗಳ ಮಾತು. ಮನೆ ಟ್ಯೂಷನ್ನಿಗೆ ಇರುವುದು ನೀವು ಮತ್ತು ಮೇಷ್ಟ್ರು ಮಾಡಿಕೊಂಡ ಒಪ್ಪಂದ ಮಾತ್ರ. ಆದ್ದರಿಂದ ವರ್ಷದ ಹಣವನ್ನು ಒಟ್ಟಿಗೆ ಕೊಡಬೇಡಿ, ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಳ್ಳಿ. ಎಲ್ಲ ವಿಷಯಕ್ಕೂ ಟ್ಯೂಷನ್ ಬೇಕೆಂದೂ ಇಲ್ಲ. ಯಾವುದರಲ್ಲಿ ಮಗು ತಡವರಿಸುತ್ತದೋ ಆ ಒಂದೆರಡು ವಿಷಯಕ್ಕೆ ವಾರಕ್ಕೆ ಎರಡು ಮೂರು ತರಗತಿ ಇದ್ದರೆ ಸಾಕು, ಉಳಿದ ಸಂಜೆ ತಾನೇ ಕೂತು ಬಿಡಿಸಲು ಬೇಕು. ಎಂಟನೇ ತರಗತಿಯಿಂದಲೇ ಫೌಂಡೇಶನ್ ಎಂದು ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಆ ವಯಸ್ಸಿನಲ್ಲಿ ಬೇಕಾದದ್ದು ಭಿನ್ನರಾಶಿ, ಬೀಜಗಣಿತ ಗಟ್ಟಿಯಾಗುವುದು, ಒಂದು ಪುಟವನ್ನು ಓದಿ ತಾನೇ ಅರ್ಥ ಮಾಡಿಕೊಳ್ಳುವುದು. ಟ್ಯೂಷನ್ ಇಡಲು ಅನುಕೂಲವಿಲ್ಲದವರು ಕುಗ್ಗಬೇಕಿಲ್ಲ. ಎನ್‌ಸಿಇಆರ್‌ಟಿ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತ, ಹಳೆಯ ಪ್ರಶ್ನೆಪತ್ರಿಕೆಗಳೂ ಅಲ್ಲೇ ಸಿಗುತ್ತವೆ. ಶಿಕ್ಷಣ ಸಚಿವಾಲಯ ಐಐಟಿ ಕಾನ್ಪುರದ ಜೊತೆ ಸೇರಿ 2023ರಲ್ಲಿ ತಂದ 'ಸಾಥಿ' ಎಂಬ ತಾಣದಲ್ಲಿ ಪಾಠ, ಮಾಕ್ ಟೆಸ್ಟ್ ಎರಡೂ ಪುಕ್ಕಟೆ. ತಪ್ಪಿನ ಪುಸ್ತಕವನ್ನು ತಿಂಗಳಿಗೊಮ್ಮೆ ನೋಡಿಕೊಡುವಿರಾ ಎಂದು ಕಾಲೇಜಿನ ಉಪನ್ಯಾಸಕರನ್ನು ಕೇಳಿ. ಹಾಗೆ ಕೇಳಿಕೊಂಡು ಬರುವ ಮಗುವನ್ನು ವಾಪಸ್ ಕಳಿಸುವವರು ನಮ್ಮ ವೃತ್ತಿಯಲ್ಲಿ ಬಹಳ ಇಲ್ಲ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ಕಷ್ಟವೇ ಬೇರೆ. 'ವೇಗೋತ್ಕರ್ಷ' ಚೆನ್ನಾಗಿ ಗೊತ್ತಿರುವ ಹುಡುಗಿ 'ಆಕ್ಸಿಲರೇಷನ್' ಕೇಳಿ ದಂಗಾಗಿ ಪ್ರಥಮ ಪಿಯುನ ಮೊದಲ ಮೂರು ತಿಂಗಳು ಮೂಕಿಯಂತೆ ಕೂರುತ್ತಾಳೆ. ಅವಳಿಗೆ ಬೇಕಾದ ಮೇಷ್ಟ್ರು ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಬರೆಸುವವರು. ನೀಟ್ ಮತ್ತು ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ನೀಟ್‌ಗೆ ಕನ್ನಡ ಆರಿಸಿಕೊಂಡವರಿಗೆ ಇಂಗ್ಲಿಷ್ ಪ್ರಶ್ನೆಯೂ ಜೊತೆಯಲ್ಲೇ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ, ಹಾಗಾಗಿ ಎರಡನ್ನೂ ಓದುವ ರೂಢಿ ಬೇಕು. ಕನ್ನಡ ಮಾಧ್ಯಮ, ಗ್ರಾಮೀಣ, ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿಗಳು ಸಿಇಟಿ ಸೀಟು ಹಂಚಿಕೆಯಲ್ಲಿ ದೊಡ್ಡ ಆಸರೆ. ಇವಕ್ಕೆ ಬೇಕಾದ ದಾಖಲೆ ಹೊಂದಿಸುವ ಕೆಲಸ ಟ್ಯೂಷನ್ ಮೇಷ್ಟ್ರದ್ದಲ್ಲ, ಅಪ್ಪ ಅಮ್ಮಂದಿರದ್ದು. ವ್ಯಾಸಂಗ ಪ್ರಮಾಣಪತ್ರ, ಜಾತಿ ಆದಾಯ ಪತ್ರದ ಆರ್.ಡಿ. ಸಂಖ್ಯೆ, ಇವುಗಳಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆ ಇದ್ದರೂ ಅರ್ಜಿ ತುಂಬುವ ಮೊದಲೇ ಸರಿಪಡಿಸಿಕೊಳ್ಳಿ.

ಊಹೆ ಮಾಡಿ ಉತ್ತರ ಗುರುತಿಸುವ ವಿಷಯದಲ್ಲೂ ಮಕ್ಕಳಿಗೆ ಸ್ಪಷ್ಟತೆ ಬೇಕು. ಸಿಇಟಿ, ಕಾಮೆಡ್‌ಕೆಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 'ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡ' ಎನ್ನುವ ಮೇಷ್ಟ್ರುಗಳಿದ್ದಾರೆ. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾಗಿ, ಉಳಿದೆರಡರಲ್ಲಿ ಒಂದನ್ನು ಆರಿಸುವ ಸಂದರ್ಭ ತೆಗೆದುಕೊಳ್ಳಿ. ಅಂಥ ಎರಡು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿಯಾದರೂ ನಾಲ್ಕು ಬಂದು ಒಂದು ಹೋಗುತ್ತದೆ, ಮೂರು ಉಳಿಯುತ್ತದೆ. ಅದನ್ನು ಬಿಡುವುದು ನಷ್ಟ. ಏನೂ ಗೊತ್ತಿಲ್ಲದೆ ಕಣ್ಣುಮುಚ್ಚಿ ಗುರುತಿಸಿದರೆ ಸಿಗುವ ಲಾಭ ನಾಲ್ಕು ಪ್ರಶ್ನೆಗೆ ಸರಾಸರಿ ಒಂದೇ ಅಂಕ, ಅದೂ ಅದೃಷ್ಟದ ಮೇಲೆ. ಹೆಚ್ಚು ಅಪಾಯ ಅರೆಬರೆ ಗೊತ್ತಿರುವ ಪ್ರಶ್ನೆಯದು. ಮಸೂರದ ಲೆಕ್ಕದ 12ರಂತೆ ಅಲ್ಲಿ ತಪ್ಪು ಉತ್ತರವೇ ಕೈ ಬೀಸಿ ಕರೆಯುತ್ತದೆ. ಯಾವ ಪಾಠದಲ್ಲಿ ತನ್ನ ಊಹೆ ನಂಬಬಹುದು, ಯಾವುದರಲ್ಲಿ ನಂಬಬಾರದು ಎಂಬುದನ್ನು ಮಗು ಮಾಕ್ ಟೆಸ್ಟ್‌ಗಳಲ್ಲೇ ಕಂಡುಕೊಳ್ಳಬೇಕು. ಊಹಿಸಿದ ಪ್ರಶ್ನೆಗೆ ಪಕ್ಕದಲ್ಲಿ ಚುಕ್ಕಿ ಇಟ್ಟುಕೊಂಡು ಆಮೇಲೆ ಎಷ್ಟು ಸರಿಯಾದವು ಎಂದು ಎಣಿಸಿದರೆ ತಿಳಿಯುತ್ತದೆ.

ಪರೀಕ್ಷೆಗೆ ಒಂದು ತಿಂಗಳಿರುವಾಗ ಹೊಸ ಪಾಠ, ಹೊಸ ಪುಸ್ತಕ, ಹೊಸ ಮೇಷ್ಟ್ರು ಯಾವುದೂ ಬೇಡ. ಆ ಹೊತ್ತಿಗೆ ತರಗತಿಗಳನ್ನು ಕಡಿಮೆ ಮಾಡಿ, ಪೂರ್ತಿ ಪ್ರಶ್ನೆಪತ್ರಿಕೆ ಬರೆಸಿ, ತಪ್ಪಿನ ಪುಸ್ತಕವನ್ನು ಮೊದಲಿನಿಂದ ಓದಿಸುವ ಮೇಷ್ಟ್ರು ಒಳ್ಳೆಯ ಮೇಷ್ಟ್ರು. ಪತ್ರಿಕೆ ಬರೆಸುವುದು ಪರೀಕ್ಷೆಯ ವೇಳೆಯಲ್ಲೇ ಆಗಲಿ. ನೀಟ್ ನಡೆಯುವುದು ಮೇ ತಿಂಗಳ ಬಿಸಿಲಲ್ಲಿ, ಮಧ್ಯಾಹ್ನ ಎರಡಕ್ಕೆ. ರಾತ್ರಿ ಹನ್ನೊಂದಕ್ಕೆ ಓದಿ ಅಭ್ಯಾಸವಾದ ಮಕ್ಕಳಿಗೆ ಊಟವಾದ ಮೇಲಿನ ಆ ಹೊತ್ತು ತೂಕಡಿಕೆಯ ಹೊತ್ತು. ಏಪ್ರಿಲ್ ಪೂರ್ತಿ, ವಾರಕ್ಕೆ ಮೂರು ದಿನವಾದರೂ, ಹಗುರವಾಗಿ ಊಟ ಮಾಡಿಸಿ, ಎರಡರಿಂದ ಐದರವರೆಗೆ ಓಎಂಆರ್ ಹಾಳೆ ಕೊಟ್ಟು ಕೂರಿಸಿ. ಮನೆಯವರು ಅಷ್ಟು ಹೊತ್ತು ಟಿವಿ ಆರಿಸಿರಿ, ಫೋನು ಬೇರೆ ಕೋಣೆಯಲ್ಲಿರಲಿ. ಐದು ಗಂಟೆಗೆ ಪೆನ್ನು ಕೆಳಗಿಟ್ಟ ಮೇಲೆ ಅಂಕ ಎಷ್ಟು ಎಂದು ಆ ದಿನವೇ ಕೇಳಬೇಡಿ. ಮರುದಿನ ಬೆಳಿಗ್ಗೆ ತಪ್ಪಿನ ಪುಸ್ತಕದಲ್ಲಿ ಅದು ತಾನಾಗಿಯೇ ಬರುತ್ತದೆ.